ಪುಂಡಿ ಮಿಗಬೇಕು ಮಾರಾಯ್ರೆ

ಪುಂಡಿ, ಅದೇ ಅಕ್ಕಿಯ ಉಂಡೆ ಕಡುಬು, ಮಾಡುವ ದಿನ ನಮ್ಮ ಕಡೆಯ ಮನೆಗಳಲ್ಲಿ ಲೆಕ್ಕ ಯಾಕೋ ಸರಿ ಬರುವುದೇ ಇಲ್ಲ, ಗಮನಿಸಿದ್ದೀರಾ? ಇಷ್ಟು ಜನಕ್ಕೆ ಇಷ್ಟು ಅಕ್ಕಿ ಅಂತ ಅಳೆದಾದ ಮೇಲೂ ಮತ್ತೆರಡು ಮುಷ್ಟಿ ನೀರಿಗೆ ಬೀಳುತ್ತದೆ. 'ಯಾರಾದರೂ ಬಂದರೆ?' ಅಂತ ಒಂದು ನೆವ. ಯಾರೂ ಬರುವುದಿಲ್ಲ ಅಂತ ಅಕ್ಕಿ ಹಾಕಿದವರಿಗೂ ಗೊತ್ತು, ನೋಡಿದವರಿಗೂ ಗೊತ್ತು. ಮಿಗಬೇಕು, ಅಷ್ಟೇ! ಜೊತೆಗಿನ ಕೋರಿ ಗಸಿ, ಅಂದರೆ ಕೋಳಿ ಸಾರಿನದ್ದೂ ಅದೇ ಕಥೆ. ನಮ್ಮ ಅಜ್ಜಿ ರಾತ್ರಿ ಬಡಿಸುವಾಗ ಸೌಟನ್ನು ತಳಕ್ಕೆ ಮುಟ್ಟಿಸುತ್ತಲೇ ಇರಲಿಲ್ಲ. ಮೇಲಿನದ್ದು ಮೇಲೆಯೇ ಬಡಿಸಿ, 'ಆಯ್ತು, ಏಳಿ' ಅನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಗಸಿಯ ಅದೇ ಮಣ್ಣಿನ ಬಿಸಲೆ ಸಣ್ಣ ಉರಿಗೆ ಏರುತ್ತದೆ. ಗಸಿ ಬತ್ತಿ, ಬದಿಯಲ್ಲಿ ಎಣ್ಣೆ ಬಿಟ್ಟುಕೊಂಡು ಹೊಳೆಯಲಿಕ್ಕೆ ಶುರುವಾದಾಗ ನಿನ್ನೆಯ ಪುಂಡಿಯನ್ನು ಅರ್ಧಕ್ಕೆ ಮುರಿದು ಹಾಕುವುದು. ಬಿಸಿ ಪುಂಡಿಯನ್ನು ಹಾಗೆ ಮುರಿದು ಹಾಕಿದರೆ ಕರಗಿ ಗಂಜಿಯಾದೀತು. ತಂಗಳು ಪುಂಡಿಗೆ ಆ ಭಯವಿಲ್ಲ, ಬೆಂದ ಅಕ್ಕಿಯ ಪಿಷ್ಟ ತಣ್ಣಗಾಗುತ್ತಾ ಬಿಗಿದುಕೊಂಡಿರುತ್ತದೆ ನೋಡಿ, ಅಲುಗಾಡದೆ ಕೂತು ಗಸಿ ಕುಡಿಯುತ್ತದೆ. ಪುಂಡಿ ಕಟ್ಟುವಾಗ ಹೆಬ್ಬೆರಳಲ್ಲಿ ಒತ್ತಿದ ಆ ಗುಳಿ ಉಂಟಲ್ಲ, ಅದರಲ್ಲಿ ನಿಂತ ಗಸಿಯ ರುಚಿಯೇ ಬೇರೆ. ಬಸಳೆ ಪುಂಡಿಯವರಿಗಂತೂ ಮಿಗುವವರೆಗೆ ಕಾಯುವ ತಾಳ್ಮೆಯೂ ಇಲ್ಲ, ಸಣ್ಣ ಸಣ್ಣ ಪುಂಡಿ ಕಟ್ಟಿ ಮೊದಲ ದಿನವೇ ಗಸಿಗೆ ಹಾಕಿಬಿಡುತ್ತಾರೆ.

ಇದೆಲ್ಲ ಈಗ ಯಾಕೆ ಬಂತೆಂದರೆ, ಪಕ್ಕದ ಮನೆ ಅಕ್ಕನ ಮಗಳು ಅಮೆರಿಕದಿಂದ ರಜೆಗೆ ಬಂದಿದ್ದಳು. ಅಲ್ಲಿ ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅಲ್ವಾ? ಮನೆಯಲ್ಲಿ ನಾಲ್ಕೇ ಜನ ಇದ್ದರೂ ಆರೇಳು ಕಿಲೋದ ಟರ್ಕಿ ತರುತ್ತಾರಂತೆ. ಶುಕ್ರವಾರದಿಂದ ಶುರು ತಂಗಳಿನ ಕಾರುಬಾರು. ಉಳಿದ ಮಾಂಸ, ಕ್ಯಾರೆಟ್, ಬಟಾಣಿ, ಗ್ರೇವಿ ಎಲ್ಲ ಒಂದು ಗಾಜಿನ ತಟ್ಟೆಗೆ. ಅದರ ಮೇಲೆ ಮೈದಾ, ಬೇಕಿಂಗ್ ಪೌಡರ್, ಬೆಣ್ಣೆ, ಹಾಲು ಕಲಸಿದ ಹಿಟ್ಟನ್ನು ಚಮಚದಲ್ಲಿ ಗುಪ್ಪೆ ಗುಪ್ಪೆಯಾಗಿ ಬಿಟ್ಟು, 200 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ. ಹಿಟ್ಟನ್ನು ನಾದಬಾರದು, ನಾದಿದರೆ ರಬ್ಬರು. ಕೆಳಗಿನ ಗ್ರೇವಿ ಕೊತಕೊತ ಕುದಿಯುತ್ತಿರುವಾಗಲೇ ಬಿಡಬೇಕು, ಇಲ್ಲದಿದ್ದರೆ ಮೇಲೆ ಕೆಂಪಾದರೂ ಅಡಿಯಲ್ಲಿ ಹಸಿ ಅಂಟು. ಕಲಸಲಿಕ್ಕೂ ಸೋಮಾರಿತನ ಬಂದರೆ ಬಿಸ್ಕ್ವಿಕ್ ಅಂತ ಪೆಟ್ಟಿಗೆ ಹಿಟ್ಟು ಉಂಟು, 1931ರಿಂದ ಅಂಗಡಿಯಲ್ಲಿದೆ. ತಂಗಳಿನ ಮುಖಕ್ಕೆ ಹೊಸ ಮುಚ್ಚಳ! ನಿನ್ನೆಯದ್ದು ಅಂತ ಯಾರೂ ಕೇಳುವ ಹಾಗಿಲ್ಲ.

'ನಮ್ಮಲ್ಲಿ ಬೇಕ್ ಮಾಡುವುದೇ ಇಲ್ಲ ಅಲ್ವಾ ಆಂಟಿ' ಅಂದಳು ಹುಡುಗಿ. ಯಾರು ಹೇಳಿದ್ದು? ಗೆಂಡದಡ್ಯೆ ಮತ್ತೇನು? ಸೌತೆಕಾಯಿಯದ್ದೋ ಹಲಸಿನ ಹಣ್ಣಿನದ್ದೋ ಹಿಟ್ಟು ಪಾತ್ರೆಗೆ ಸುರಿದು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಗೆರಟೆಯ ಕೆಂಡ. ಬೆಂದಿದೆಯಾ ಅಂತ ನೋಡಲಿಕ್ಕೆ ಮುಚ್ಚಳ ಎತ್ತುವುದೇ ಒಂದು ಸರ್ಕಸ್ಸು. ಅಜ್ಜಿ ಉಸಿರು ಬಿಗಿಹಿಡಿದು, ಸೆರಗನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಇಕ್ಕಳದಲ್ಲಿ ಮುಚ್ಚಳವನ್ನು ಸಮತಟ್ಟಾಗಿ ಮೇಲೆತ್ತುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ನಮ್ಮಲ್ಲೊಬ್ಬರಿಗೆ ಸೀನು ಬರಬೇಕೇ! ಬೂದಿ ಬಿದ್ದ ಮೂಲೆ ಸೀನಿದವರಿಗೆ, ಅದು ಮನೆಯ ಕಾನೂನು. ಅಮೆರಿಕದವರ ಹಳೆಯ ಎರಕದ ಕಬ್ಬಿಣದ ಪಾತ್ರೆಗೂ ಮುಚ್ಚಳದ ಸುತ್ತ ಎದ್ದ ಅಂಚು ಉಂಟು, ಕೆಂಡ ಜಾರದ ಹಾಗೆ. ಅಲ್ಲಿಯೂ ಸೀನುವ ಮಕ್ಕಳು ಇದ್ದೇ ಇದ್ದಿರಬೇಕು.

ಸರಿ, ಹುಡುಗಿ ಸುಮ್ಮನೆ ಕೂರಲಿಲ್ಲ. ಮಿಕ್ಕಿದ ಕೋರಿ ಗಸಿಯನ್ನು ಕುದಿಸಿ ತಟ್ಟೆಗೆ ಸುರಿದು, ಮೇಲೆ ಅರ್ಧರ್ಧ ಪುಂಡಿ ಒತ್ತೊತ್ತಾಗಿ ಜೋಡಿಸಿ, ತೆಂಗಿನೆಣ್ಣೆ ಸವರಿ ಒಟಿಜಿ ಓವನ್ನಿಗೆ ತಳ್ಳಿದಳು. ಅಕ್ಕ ಗೋಡೆಯಾಚೆಯಿಂದ ನನಗೆ ಪಿಸುಗುಟ್ಟಿದ್ದು: 'ಗ್ಯಾಸಿನಲ್ಲಿ ಹತ್ತು ನಿಮಿಷದ ಕೆಲಸ ಮಾರಾಯ್ರೆ, ಮೀಟರು ಹೇಗೆ ತಿರುಗುತ್ತಿದೆ ನೋಡಿ.' ಆಮೇಲೆ ಎರಡನೇ ಸಲ ಬಡಿಸಿಕೊಂಡವರೂ ಅವರೇ, ಅದನ್ನು ನಾನು ಹೇಳಲಿಲ್ಲ ಅಂತ ಇಟ್ಟುಕೊಳ್ಳಿ. ಪುಂಡಿಯ ಬೆನ್ನು ಹಪ್ಪಳದ ಹಾಗೆ ಕರುಂ ಕರುಂ, ಹೊಟ್ಟೆ ಮಾತ್ರ ಗಸಿ ಕುಡಿದು ಮೆತ್ತಗೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಅಂಚಿನ ಗಸಿ ಒಣಗಿ ತಟ್ಟೆಗೆ ಅಂಟಿತ್ತು. ಬಿಸಲೆಯಾದರೆ ಅದನ್ನೂ ಬೆರಳಲ್ಲಿ ಕೆರೆದು ನೆಕ್ಕಬಹುದು, ಗಾಜಿನ ತಟ್ಟೆಗೆ ಅಷ್ಟು ಸಲಿಗೆ ಎಲ್ಲಿ? ಬಂಗುಡೆ ಗಸಿಗೆ ಈ ಪ್ರಯೋಗ ಬೇಡ ಅಂತ ನಾನೇ ತಡೆದೆ. ಮರುದಿನದ ಮೀನು ಹೆಚ್ಚು ಮುಟ್ಟಿದರೆ ಪುಡಿಯಾದೀತು, ಅಲ್ವಾ?

ಹುಡುಗಿ ವಾಪಸು ಹೋದಳು. ಒಟಿಜಿಯೊಳಗೆ ಈಗ ಅಕ್ಕನ ಹಲಸಿನ ಹಪ್ಪಳದ ಕಟ್ಟು ಕೂತಿದೆ. ಮಳೆಗಾಲದಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಮನೆಯಲ್ಲಿ ಬೇರೆ ಇಲ್ಲವಂತೆ.