ಎಂಟನೇ ಕ್ರಮಾಂಕದ ಮಹಾಪುರುಷ

ಭಾರತ ತಂಡಕ್ಕೆ ಆಲ್‌ರೌಂಡರ್ ಆಗಿ ಆಯ್ಕೆಯಾಗಲು ಮೊದಲು ಬೇಕಾದ ಅರ್ಹತೆ ತಾಳ್ಮೆ. ಬ್ಯಾಟು, ಬಾಲು ಆಮೇಲಿನ ಮಾತು. 2022ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಪಾರ್ಲ್‌ನಲ್ಲಿ ವೆಂಕಟೇಶ್ ಅಯ್ಯರ್ ಆರನೇ ಬೌಲರ್ ಎಂಬ ಬಿರುದಿನೊಂದಿಗೆ ಏಕದಿನ ಕ್ರಿಕೆಟ್‌ಗೆ ಪದಾರ್ಪಣೆ ಮಾಡಿದರು. ಅತ್ತ ಬವುಮಾ, ವ್ಯಾನ್ ಡರ್ ಡುಸೆನ್ ಇಬ್ಬರೂ ಶತಕ ಬಾರಿಸಿ 204 ರನ್ ಸೇರಿಸಿದರು. ಐವರು ಬೌಲರ್‌ಗಳು ಬೆವರು ಒರೆಸಿಕೊಂಡರು; ಆರನೆಯವರು ಅಚ್ಚುಕಟ್ಟಾಗಿ ಫೀಲ್ಡಿಂಗ್ ಮಾಡಿದರು. ನಮ್ಮ ಕೆ.ಎಲ್. ರಾಹುಲ್ ಅಂದು ನಾಯಕ. ಒಂದೇ ಒಂದು ಓವರ್ ಕೊಡಲಿಲ್ಲ. ಅಗತ್ಯ ಬೀಳಲಿಲ್ಲ ಎಂದು ಆಮೇಲೆ ತಂಡದಿಂದ ವಿವರಣೆ ಬಂತು. ಸೋತದ್ದು 31 ರನ್‌ಗಳಿಂದ ಮಾತ್ರ. ಅಗತ್ಯವೇ ಬಿದ್ದಿದ್ದರೆ ಏನಾಗುತ್ತಿತ್ತೋ!

ಪಂದ್ಯ ಗೆಲ್ಲಿಸಲಿ ಎಂದು ಆಲ್‌ರೌಂಡರ್‌ನನ್ನು ಆರಿಸುತ್ತಾರೆ ಎಂದುಕೊಂಡಿರುವವರು ಮುಗ್ಧರು. ಆತನನ್ನು ಆರಿಸುವುದು ಆರಿಸುವವರಿಗೆ ನಿದ್ದೆ ಬರಲಿ ಎಂದು. ಕೋಟಿಗಳ ಬೆಲೆಯ ಏಳು ಬ್ಯಾಟರ್‌ಗಳು ಕೈಕೊಟ್ಟರೆ ಗತಿಯೇನು? ಅದಕ್ಕೇ ಎಂಟನೆಯವನಿಗೂ ಬ್ಯಾಟಿಂಗ್ ಬರಬೇಕು. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯ ಹಾಗೆ. ಗಾಳಿ ಇದೆಯೋ ಇಲ್ಲವೋ ಯಾರೂ ನೋಡಿರುವುದಿಲ್ಲ, ಇದೆ ಎಂಬ ಧೈರ್ಯದ ಮೇಲೆ ಘಾಟಿ ಹತ್ತುತ್ತೇವೆ. ಬ್ಯಾಟರ್ ಬೇಕೋ ಬೌಲರ್ ಬೇಕೋ ಎಂದು ತೀರ್ಮಾನಿಸುವ ಕಷ್ಟವೂ ತಪ್ಪುತ್ತದೆ. ಎರಡೂ ಅರ್ಧರ್ಧ ಇರುವವನನ್ನು ಆರಿಸಿ, ತಂಡದ ಸಮತೋಲನ ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿದರಾಯಿತು.

2025ರ ಜೂನ್‌ನಲ್ಲಿ ಲೀಡ್ಸ್ ಟೆಸ್ಟಿನಲ್ಲಿ ಈ ಸಮತೋಲನ ಪರಾಕಾಷ್ಠೆ ಮುಟ್ಟಿತು. ಇಂಗ್ಲೆಂಡ್ ಮೊದಲ ಇನಿಂಗ್ಸ್‌ನಲ್ಲಿ ನೂರು ಓವರ್ ಆಡಿತು. ಶಾರ್ದೂಲ್ ಠಾಕೂರ್ ಅವರ ಪಾಲಿಗೆ ಬಂದದ್ದು ಆರು. ಹೋಗಲಿ, ಅವರನ್ನು ಕರೆದದ್ದೇ ಬ್ಯಾಟಿಂಗ್ ಆಳಕ್ಕೆ ತಾನೇ? ಭಾರತದ ಕೊನೆಯ ಏಳು ವಿಕೆಟ್‌ಗಳು 41 ರನ್‌ಗೆ, ಎರಡನೇ ಇನಿಂಗ್ಸ್‌ನಲ್ಲಿ ಕೊನೆಯ ಆರು 31 ರನ್‌ಗೆ ಉದುರಿದವು. ಶಾರ್ದೂಲ್ ಗಳಿಕೆ 1 ಮತ್ತು 4. ಐದು ಶತಕ ಹೊಡೆದ ತಂಡ ಸೋತಿತು. ಕುಲದೀಪ್ ಯಾದವ್ ಮಾತ್ರ ಆ ಸರಣಿಯ ಐದೂ ಟೆಸ್ಟ್‌ಗಳನ್ನು ಅಂಗಳದ ಹೊರಗೆ ಕೂತು ನೋಡಿದರು. ಪಾಪ, ಅವರಲ್ಲಿದ್ದದ್ದು ವಿಕೆಟ್ ಕೀಳುವ ಒಂದೇ ಗುಣ.

ಇದೇ ಅಪರಾಧಕ್ಕೆ ಮೊಹಮ್ಮದ್ ಶಮಿ 2023ರ ವಿಶ್ವಕಪ್‌ನ ಮೊದಲ ನಾಲ್ಕು ಪಂದ್ಯಗಳಲ್ಲಿ ನೀರು ಹೊತ್ತಿದ್ದರು. ಆಮೇಲೆ ಪುಣೆಯಲ್ಲಿ ಹಾರ್ದಿಕ್ ಪಾಂಡ್ಯ ಕಾಲಿನಿಂದ ಚೆಂಡು ತಡೆಯಲು ಹೋಗಿ ಪಾದದ ಕೀಲು ಉಳುಕಿಸಿಕೊಂಡರು. ಆ ಟೂರ್ನಿಯ ಅತ್ಯುತ್ತಮ ಆಯ್ಕೆ ಮಾಡಿದ್ದು ಆ ಕೀಲೇ. ಸಮತೋಲನ ಕೆಟ್ಟಿತು, ಆರನೇ ಬೌಲರ್ ಇಲ್ಲವಾದ, ಶಮಿ ಒಳಗೆ ಬಂದರು. ಏಳು ಪಂದ್ಯಗಳಲ್ಲಿ 24 ವಿಕೆಟ್. ಶ್ರೀಲಂಕಾ 55 ರನ್‌ಗೆ ಗಂಟುಮೂಟೆ ಕಟ್ಟಿತು. ಅಹಮದಾಬಾದಿನ ಫೈನಲ್‌ನಲ್ಲಿ, ಹಿಂದೆ ಬ್ಯಾಟ್ ಹಿಡಿಯುವವರಿಲ್ಲ ಎಂಬ ಅಳುಕಿನಲ್ಲೋ ಏನೋ, ರಾಹುಲ್ 107 ಎಸೆತಗಳಿಗೆ 66 ರನ್ ಕುಟ್ಟುತ್ತಾ ಕೂತರು ಎಂಬುದೂ ನಿಜ. ಸಮತೋಲನವಾದಿಗಳಿಗೆ ಅದೊಂದು ಪಂದ್ಯ ಸಾಕಾಯಿತು. ಅದರ ಹಿಂದಿನ ಆರು ಗೆಲುವುಗಳನ್ನು ಮರೆತರು.

2019ರ ಕಥೆ ಎಲ್ಲರಿಗೂ ಬಾಯಿಪಾಠ. ವಿಜಯ್ ಶಂಕರ್‌ಗೆ ಮೂರು ಆಯಾಮಗಳಿವೆ ಎಂದರು ಮುಖ್ಯ ಆಯ್ಕೆಗಾರ ಎಂ.ಎಸ್.ಕೆ. ಪ್ರಸಾದ್, ವಿಶ್ವಕಪ್ ನೋಡಲು ತ್ರೀಡಿ ಕನ್ನಡಕ ತರಿಸಿದ್ದೇನೆ ಎಂದರು ಅವಕಾಶ ತಪ್ಪಿದ ಅಂಬಟಿ ರಾಯುಡು. ಮೂರೂ ಆಯಾಮಗಳು ಒಂದು ಕಾಲ್ಬೆರಳಿನ ಗಾಯದೊಂದಿಗೆ ಊರಿಗೆ ಮರಳಿದವು.

ನಮ್ಮ ಸ್ಟುವರ್ಟ್ ಬಿನ್ನಿಗೆ ಅಷ್ಟೂ ದಕ್ಕಲಿಲ್ಲ. 2014ರಲ್ಲಿ ಮೀರ್‌ಪುರದಲ್ಲಿ ನಾಲ್ಕೇ ರನ್ ಕೊಟ್ಟು ಆರು ವಿಕೆಟ್ ಕಿತ್ತವರು. ಮರುವರ್ಷ ವಿಶ್ವಕಪ್‌ಗೆ ಹೋಗಿ ಒಂದೂ ಪಂದ್ಯ ಆಡದೆ ಬಂದರು. ಅಪ್ಪ ರೋಜರ್ 1983ರಲ್ಲಿ 18 ವಿಕೆಟ್ ಕಿತ್ತು ಆ ವಿಶ್ವಕಪ್‌ನ ಅತಿ ಹೆಚ್ಚು ವಿಕೆಟ್ ಪಡೆದವರೆನಿಸಿದ್ದರು. ಆಗ ಆಲ್‌ರೌಂಡರ್‌ಗಳ ಕೈಗೆ ನಿಜವಾಗಿಯೂ ಚೆಂಡು ಕೊಡುತ್ತಿದ್ದರು.

1994ರಲ್ಲಿ ನಿವೃತ್ತರಾದ ಕಪಿಲ್ ದೇವ್ ಅವರ ಉತ್ತರಾಧಿಕಾರಿಗಾಗಿ ಹುಡುಕಾಟ ಇನ್ನೂ ನಿಂತಿಲ್ಲ. ಸ್ವಲ್ಪ ವೇಗ, ಸ್ವಲ್ಪ ಬ್ಯಾಟು ಕಂಡರೆ ಸಾಕು, ಆ ಹುಡುಗನ ಹೆಗಲಿಗೆ ಆ ಹೆಸರು ಏರುತ್ತದೆ. ಆಮೇಲೆ ಬೆನ್ನು ನೋಯುತ್ತದೆ. ಹಾರ್ದಿಕ್ 11 ಟೆಸ್ಟ್ ಆಡಿ 2018ರ ನಂತರ ಬಿಳಿ ಬಟ್ಟೆ ತೊಟ್ಟಿಲ್ಲ. ಕಪಿಲ್ 131 ಟೆಸ್ಟ್ ಆಡಿದರು, ಗಾಯಗೊಂಡು ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ. ಇಡೀ ವೃತ್ತಿಜೀವನದಲ್ಲಿ ತಪ್ಪಿದ್ದು ಒಂದೇ ಟೆಸ್ಟ್: 1984ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಎತ್ತಿ ಹೊಡೆದು ಔಟಾದರೆಂದು ಸಿಟ್ಟಾಗಿ ಕಲ್ಕತ್ತೆಯ ಪಂದ್ಯಕ್ಕೆ ಅವರನ್ನು ಕೈಬಿಟ್ಟದ್ದು ಆಯ್ಕೆ ಸಮಿತಿ. ಅವರೊಂದಿಗೇ ಹೊರಬಿದ್ದ ಸಂದೀಪ್ ಪಾಟೀಲ್ ಮತ್ತೆ ಟೆಸ್ಟ್ ಆಡಲೇ ಇಲ್ಲ. ಅವರನ್ನು ಮುಂದೆ ಆಯ್ಕೆ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದರು. ಸ್ಟುವರ್ಟ್ ಬಿನ್ನಿಯನ್ನು ವಿಶ್ವಕಪ್ ತೋರಿಸಲು ಕರೆದೊಯ್ದದ್ದು ಅವರದೇ ಸಮಿತಿ.