ಅಂತಿಮ ಸಪ್ತಾಹ ಮೀಮಾಂಸೆ: ಪುಣೆಯ ಬೇಸಿಗೆ ಇಂಟರ್ನ್‌ಗಳ ಒಂದು ಬಹುಶಿಸ್ತೀಯ ಅಧ್ಯಯನ

1. ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ಬೇಸಿಗೆ ವಿಜ್ಞಾನ ಇಂಟರ್ನ್‌ಶಿಪ್ ಎಂಬ ವಿದ್ಯಮಾನದ ಕೊನೆಯ ವಾರವನ್ನು ತಾತ್ವಿಕ, ಸಾಮಾಜಿಕ ಹಾಗೂ ಉಪಾಹಾರ ಸಂಬಂಧೀ ನೆಲೆಗಟ್ಟುಗಳಲ್ಲಿ ಪರಿಶೀಲಿಸುವ ನಿಟ್ಟಿನಲ್ಲಿ ಒಂದು ವಿನಮ್ರ ಪ್ರಯತ್ನವಾಗಿದೆ. ಈ ವಿಷಯದಲ್ಲಿ ಇದುವರೆಗೆ ಗಮನಾರ್ಹ ಅಧ್ಯಯನಗಳು ನಡೆದಿಲ್ಲ ಎಂದು ಎರಡನೇ ವಾಕ್ಯದಲ್ಲಿ ಹೇಳುವುದು ವಾಡಿಕೆ. ಹೇಳಿದ್ದಾಯಿತು.

ಅಧ್ಯಯನದ ಭೌಗೋಳಿಕ ವ್ಯಾಪ್ತಿ ಪುಣೆಯ ವಾಯವ್ಯ ಮೂಲೆ. ಪಾಷಾಣದ ಹೋಮಿ ಭಾಭಾ ರಸ್ತೆಯೊಂದರಲ್ಲೇ 1950ರ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, 2006ರ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆ ಐಸರ್, ಮುಂಗಾರಿನ ಜಾತಕ ಬರೆಯುವ ಹವಾಮಾನ ಸಂಸ್ಥೆ ಐಐಟಿಎಂ ಇವೆ. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ, ಖಗೋಳವಿಜ್ಞಾನಿ ನಾರ್ಳೀಕರರು 1988ರಲ್ಲಿ ಕಟ್ಟಿದ ಖಗೋಳವಿಜ್ಞಾನ ಕೇಂದ್ರ ಅಯುಕಾ ಇದೆ. ಅಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ನಾಲ್ವರೂ ಪ್ರತಿಮೆಗಳಾಗಿ, ಯಾರಿಗೂ ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಸುವ ಕಾಟವಿಲ್ಲದೆ ನೆಮ್ಮದಿಯಾಗಿದ್ದಾರೆ. ಮೇ ತಿಂಗಳು ಬಂತೆಂದರೆ ಧಾರವಾಡ, ಬಾಗಲಕೋಟೆ, ಕಲಬುರಗಿ ಕಡೆಯ ಎಂಎಸ್ಸಿ ಮಕ್ಕಳು ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ರಾತ್ರಿ ಬಸ್ಸಿನಲ್ಲಿ ಇಲ್ಲಿಗೆ ಬಂದಿಳಿಯುತ್ತಾರೆ. ಅವಧಿ ಎಂಟು ವಾರ. ಪ್ರಬಂಧಕಾರನೂ ಹಾಗೆ ಬಂದಿಳಿದವನಾದ್ದರಿಂದ ಕ್ಷೇತ್ರಕಾರ್ಯ ತಾನಾಗಿಯೇ ನಡೆದಿದೆ. ಪ್ರಯೋಗಾಲಯದ ಹೆಸರು ಇಲ್ಲಿ ಅಪ್ರಸ್ತುತ.

2. ವ್ಯಾಖ್ಯೆ

ಫಲಿತಾಂಶದ ಅಭಾವವೂ ರಿಪೋರ್ಟಿನ ಅವಶ್ಯಕತೆಯೂ ಏಕಕಾಲಕ್ಕೆ ಪರಾಕಾಷ್ಠೆ ಮುಟ್ಟುವ ಕಾಲಖಂಡವೇ ‘ಅಂತಿಮ ಸಪ್ತಾಹ’. ಪೂರ್ವಪಕ್ಷ: ಫಲಿತಾಂಶವಿಲ್ಲದಿದ್ದರೆ ರಿಪೋರ್ಟು ಹೇಗೆ ಸಾಧ್ಯ? ಸಿದ್ಧಾಂತ: ಪೀಠಿಕೆಯನ್ನು ಹಿಗ್ಗಿಸುವುದರಿಂದ ಸಾಧ್ಯ.

3. ವರ್ಗೀಕರಣ

ಈ ವಾರದಲ್ಲಿ ತೋರುವ ಲಕ್ಷಣಗಳನ್ನು ಆಧರಿಸಿ ಇಂಟರ್ನ್‌ಗಳನ್ನು ಐದು ಪ್ರಭೇದಗಳಾಗಿ ವಿಂಗಡಿಸಬಹುದಾಗಿದೆ.

3.1 ಬಾಕರವಡಿನಿಷ್ಠರು. ಇವರು ಬಾಕರವಡಿ ಕೊಳ್ಳಲು ಸೋಮವಾರವೇ ಚಿತಳೆಯವರ ಅಂಗಡಿಯ ಸಾಲಿನಲ್ಲಿ ನಿಂತಿರುತ್ತಾರೆ. ಆ ಅಂಗಡಿ ಹಿಂದೆಲ್ಲ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಿತ್ತು. ಪುಣೆಯವರು ಇದನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈ ವರ್ಗದ ಪ್ರೌಢರು ಕ್ಯಾಂಪಿನ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತಿನವರೆಗೂ ತಮ್ಮ ಸಂಶೋಧನೆಯನ್ನು ವಿಸ್ತರಿಸುತ್ತಾರೆ.

3.2 ಸಿಂಹಗಡಾಭಿಮುಖಿಗಳು. ಕೊನೆಯ ಭಾನುವಾರ ಮಳೆಯಲ್ಲಿ ಸಿಂಹಗಡದ ಕೋಟೆ ಹತ್ತುವವರು. ಇವರಲ್ಲಿ ಎರಡು ಉಪಭೇದ: 3.2.1 ಕಾಂದಾಭಜಿಪರರು (ಈರುಳ್ಳಿ ಬಜ್ಜಿ), 3.2.2 ಪಿಠ್ಲ-ಭಾಕರಿಪರರು (ನಮ್ಮ ಜುಣಕ-ರೊಟ್ಟಿ). ಉತ್ತರ ಕರ್ನಾಟಕದವರು ಎರಡನೆಯ ಗುಂಪಿಗೆ ಸೇರಿ, ಇಷ್ಟು ತಿನ್ನಲು ಇಷ್ಟೆತ್ತರ ಹತ್ತಬೇಕಿತ್ತೇ, ಊರಲ್ಲಿ ಅವ್ವ ಇದನ್ನೇ ಮಾಡುತ್ತಾಳೆ ಎಂದು ಗೊಣಗುತ್ತ ಮೂರನೆಯ ಭಾಕರಿ ಹಾಕಿಸಿಕೊಳ್ಳುತ್ತಾರೆ.

3.3 ಉಳಿದ ಮೂರು ಪ್ರಭೇದಗಳು ನೆನಪಿಗೆ ಬರುತ್ತಿಲ್ಲ. ಬಂದರೂ ಪ್ರಯೋಜನವಿಲ್ಲ. ಗುರುವಾರದ ಹೊತ್ತಿಗೆ ಎಲ್ಲರೂ ಒಂದೇ ಜಾತಿ: ಮಾರ್ಗದರ್ಶಕ ಸಾಹೇಬರ ಕೋಣೆಯ ಬಾಗಿಲಲ್ಲಿ ಸಹಿಗಾಗಿ ಫೈಲು ಹಿಡಿದು ನಿಂತವರು.

4. ಸಹಿವಿಜ್ಞಾನ

ಸಹಿಯ ಮಹತ್ವ ಆರ್ಥಿಕವಾದದ್ದು. ಕೇಂದ್ರ ಸರ್ಕಾರ 2008ರಲ್ಲಿ ಶುರುಮಾಡಿದ ‘ಇನ್‌ಸ್ಪೈರ್’ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿನ ಹೆಸರಿನಲ್ಲಿ. ಪ್ರಾಜೆಕ್ಟ್ ನಡೆದಿದೆ ಎನ್ನುವುದಕ್ಕೆ ರಿಪೋರ್ಟು ಸಾಕ್ಷಿ, ರಿಪೋರ್ಟಿಗೆ ಸರ್ಟಿಫಿಕೇಟು ಸಾಕ್ಷಿ, ಸರ್ಟಿಫಿಕೇಟಿಗೆ ಸಹಿ ಸಾಕ್ಷಿ. ಸಹಿ ಮಾಡುವವರಿಗೆ ಯಾರು ಸಾಕ್ಷಿ ಎಂದು ಕೇಳಿದರೆ ಅವರು ದಿಲ್ಲಿಗೆ ಮೀಟಿಂಗಿಗೆ ಹೋಗಿರುತ್ತಾರೆ. ‘ನನ್ನ ನೇರ ಮಾರ್ಗದರ್ಶನದಲ್ಲಿ’ ಎಂದು ಅಚ್ಚಾದ ಸಾಲಿನ ಕೆಳಗೆ ಸಹಿ ಹಾಕುವ ಮುನ್ನ ‘ನಿನ್ನ ಹೆಸರೇನು?’ ಎಂದು ಕೇಳುವುದು ಈ ಶಾಸ್ತ್ರದಲ್ಲಿ ದೋಷವೆನಿಸುವುದಿಲ್ಲ.

ಇದೇ ಹೊತ್ತಿಗೆ ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿಗಳು ಪಂಢರಪುರದ ದಾರಿಯಲ್ಲಿ ಪುಣೆಗೆ ಬಂದು ತಂಗಿದರೆ ಊರ ಬಸ್ಸುಗಳೆಲ್ಲ ದಾರಿ ತಪ್ಪುತ್ತವೆ. ಕನ್ನಡದವನೆಂದು ಜ್ಞಾನೇಶ್ವರರೇ ಹಾಡಿದ ವಿಠಲ ಪಂಢರಪುರದಲ್ಲಿ ಕಾದಿರುತ್ತಾನೆ. ನಡೆದು ಹೋಗುವ ಲಕ್ಷಾಂತರ ವಾರಕರಿಗಳಲ್ಲಿ ಒಬ್ಬರ ಹತ್ತಿರವೂ ಅವನು ಸರ್ಟಿಫಿಕೇಟ್ ಕೇಳಿದ ದಾಖಲೆಯಿಲ್ಲ.

5. ಫಲಿತಾಂಶ ಮತ್ತು ಚರ್ಚೆ

ರಿಪೋರ್ಟಿನ ಭಾಷೆಯಲ್ಲಿ ಹೇಳುವುದಾದರೆ: ಪ್ರೈಮರುಗಳನ್ನು ವಿನ್ಯಾಸಗೊಳಿಸಲಾಯಿತು. ಪಿಸಿಆರ್ ನಡೆಸಲಾಯಿತು. ಜೆಲ್ ಓಡಿಸಲಾಯಿತು. ನಿರೀಕ್ಷಿತ ಬ್ಯಾಂಡ್ ಕಂಡುಬರಲಿಲ್ಲ.

ಪಿಸಿಆರ್ ಯಂತ್ರ ಪ್ರತಿ ಸುತ್ತಿನಲ್ಲೂ ಡಿಎನ್‌ಎ ತುಣುಕನ್ನು ದುಪ್ಪಟ್ಟು ಮಾಡುತ್ತದೆ. ಲೆಕ್ಕದ ಪ್ರಕಾರ ಮೂವತ್ತು ಸುತ್ತಿಗೆ ಒಂದು ಪ್ರತಿ ನೂರು ಕೋಟಿ ದಾಟಬೇಕು. ನಮ್ಮದು ದಾಟಲಿಲ್ಲ. ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ಲಿಗೆ ಕತ್ತಲ ಕೋಣೆಯಲ್ಲಿ ಯುವಿ ದೀಪ ಹಾಕಿದರೆ ಅಂಚಿನ ಲೇನಿನಲ್ಲಿ ಅಳತೆಗೋಲಾದ ಲ್ಯಾಡರ್ ಮಾತ್ರ ಕಿತ್ತಳೆ ಬಣ್ಣಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೊಳೆಯುತ್ತದೆ, ಪಕ್ಕದ ಲೇನುಗಳೆಲ್ಲ ಖಾಲಿ, ತೀರಾ ಕೆಳಗೆ, ನಕಲಿಗೆ ಚಾಲನೆ ಕೊಡಬೇಕಿದ್ದ ಪ್ರೈಮರುಗಳು ತಮ್ಮತಮ್ಮಲ್ಲೇ ಅಂಟಿಕೊಂಡ ಮಬ್ಬು ಕಲೆ. ಹಾಗೆ ನಿಂತಾಗ ಪಕ್ಕದಲ್ಲಿ ನಿಂತು ‘ಇರಲಿ, ಎರಡು ಡಿಗ್ರಿ ಇಳಿಸಿ ನೋಡೋಣ’ ಎಂದವರು ಯಾರು?

ರಿಪೋರ್ಟು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಅಲ್ಲಿ ಎಲ್ಲವೂ ತಾನಾಗಿಯೇ ಮಾಡಲಾಗುತ್ತದೆ, ನೋಡಲಾಗುತ್ತದೆ. ವಿಜ್ಞಾನಕ್ಕೆ ಕರ್ತೃ ಬೇಡವಂತೆ. ಸಹಿಗೆ ಮಾತ್ರ ಬೇಕು.

ಕಲಿಸಿದ್ದು ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಅಕ್ಕ. ಪಿಪೆಟ್ಟಿನ ಗುಂಡಿಯನ್ನು ಮೊದಲ ತಡೆಯವರೆಗೆ ಒತ್ತಿ ಎಳೆದುಕೊಳ್ಳುವುದು, ಬಿಡುವಾಗ ಎರಡನೆಯದರವರೆಗೆ ಒತ್ತುವುದು. ಜೆಲ್ಲಿನ ಬಾವಿಗೆ ಸ್ಯಾಂಪಲ್ ಇಳಿಸುವಾಗ ಮೊಣಕೈಯನ್ನು ಮೇಜಿಗೆ ಊರಿಕೊಳ್ಳುವುದು. ಬ್ಯಾಂಡ್ ಬರದ ದಿನ ಊಟ ತಪ್ಪಿಸದೆ ಇರುವುದು. ಅವರ ಫೆಲೋಶಿಪ್ ಕಾಗದದ ಮೇಲೆ ಚೆನ್ನಾಗಿಯೇ ಇದೆ: 2023ರ ಪರಿಷ್ಕರಣೆಯ ನಂತರ ತಿಂಗಳಿಗೆ ಕಿರಿಯ ಸಂಶೋಧಕರಿಗೆ (ಜೆಆರ್‌ಎಫ್) 37,000, ಹಿರಿಯರಿಗೆ (ಎಸ್‌ಆರ್‌ಎಫ್) 42,000. ಆದರೆ ‘ತಿಂಗಳಿಗೆ’ ಎಂಬುದು ಆ ಕಾಗದದಲ್ಲಷ್ಟೇ ಉಂಟು. ಹಣ ಮೂರು ತಿಂಗಳು, ನಾಲ್ಕು ತಿಂಗಳು ತಡವಾದಾಗ ರೂಮಿನ ಬಾಡಿಗೆಗೆ ತಮ್ಮನ ಹತ್ತಿರ ಸಾಲ ಕೇಳಿ ಫೋನಿಟ್ಟು, ಅದೇ ಕೈಯಲ್ಲಿ ಗ್ಲೌಸ್ ಹಾಕಿಕೊಂಡು ಬಂದು ನಮಗೆ ಡೈಲ್ಯೂಷನ್ ಲೆಕ್ಕ ಹೇಳಿಕೊಡುತ್ತಿದ್ದರು. ಇಂಟರ್ನ್‌ಗಳಿಗೆ ಕಲಿಸಿದ್ದು ಅವರ ಥೀಸಿಸ್ಸಿನಲ್ಲಿ ಒಂದು ಸಾಲೂ ಆಗುವುದಿಲ್ಲ. ನಮಗೆ ಕೊಟ್ಟ ಆ ಎಂಟು ವಾರ ಅವರ ಐದು ವರ್ಷದ ಫೆಲೋಶಿಪ್ಪಿನಿಂದ ಕಡಿದುಕೊಟ್ಟದ್ದು. ಯಾರಿಗೂ ಅದರ ಲೆಕ್ಕ ಬೇಕಿಲ್ಲ.

ಕೊನೆಯ ಪ್ರೆಸೆಂಟೇಶನ್ನಿನಲ್ಲಿ ಕೃತಜ್ಞತೆಯ ಸ್ಲೈಡು ಬರುವ ಹೊತ್ತಿಗೆ ಸಮಯ ಮೀರಿ ಗಂಟೆ ಬಾರಿಸುತ್ತಾರೆ. ನಿರ್ದೇಶಕರು, ಡೀನರು, ಧನಸಹಾಯ ಸಂಸ್ಥೆ ಮೊದಲ ಮೂರು ಸಾಲು ಹಿಡಿದಿರುತ್ತಾರೆ. ಅಕ್ಕನದು ನಾಲ್ಕನೆಯದು, ‘ಮತ್ತು ಲ್ಯಾಬಿನ ಎಲ್ಲ ಸದಸ್ಯರು’ ಎಂಬುದರೊಳಗೆ. ಅವರು ಸಭೆಯಲ್ಲೂ ಇರಲಿಲ್ಲ. ಕೆಳಗೆ ನಮ್ಮದೇ ಜೆಲ್ ಓಡಿಸುತ್ತಿದ್ದರು.

6. ಶಿಫಾರಸು

ಇಂತಹ ಪ್ರಬಂಧಗಳ ಕೊನೆಗೆ ‘ಹೆಚ್ಚಿನ ಅಧ್ಯಯನ ಅಗತ್ಯವಿದೆ’ ಎನ್ನಬೇಕು. ಅಗತ್ಯವಿಲ್ಲ. ಸರ್ಟಿಫಿಕೇಟಿನಲ್ಲಿ ಇನ್ನೊಂದು ಸಹಿಗೆ ಜಾಗ ಮಾಡಿದರೆ ಸಾಕು: ‘ಕಲಿಸಿದವರು’ ಅಂತ. ನಮೂನೆಯಲ್ಲಿ ಜಾಗವಿಲ್ಲ ಎಂದು ಕಚೇರಿಯವರು ಹೇಳುತ್ತಾರೆ. ನಮೂನೆ ನನ್ನ ಹತ್ತಿರವೇ ಇದೆ, ಸ್ಕೇಲು ಹಿಡಿದು ನೋಡಿದ್ದೇನೆ. ಸಂಸ್ಥೆಯ ಲಾಂಛನವನ್ನು ಮೇಲೊಮ್ಮೆ, ಕೆಳಗೊಮ್ಮೆ, ನಡುವೆ ನೀರುಗುರುತಾಗಿ ಮತ್ತೊಮ್ಮೆ ಅಚ್ಚು ಹಾಕಿದ್ದಾರೆ. ಕೆಳಗಿನದನ್ನು ತೆಗೆಯಲಿ.