ಸೋರುವ ತಾರಸಿಗೊಂದು ನೋಟಿಸು

ಬಾಡಿಗೆ ಮನೆಯ ದುರಸ್ತಿಯ ಕೋರಿಕೆ ಸಾಮಾನ್ಯವಾಗಿ ಬಾಯಿಮಾತಿನಲ್ಲಿ ಹುಟ್ಟಿ ಅಲ್ಲೇ ಸಾಯುತ್ತದೆ. ಬೆಂಗಳೂರಿನ ಮಾದರಿ ಹೀಗೆ:

“ಸಾರ್, ತಾರಸಿ ಸೋರ್ತಿದೆ.”

“ಮಳೆಗಾಲ ಅಲ್ವೇನ್ರೀ, ಬೇಸಿಗೇಲಿ ತಾನಾಗೇ ನಿಲ್ಲತ್ತೆ.”

“ಗೋಡೆಯೆಲ್ಲಾ ಬೂಸ್ಟು ಸಾರ್.”

“ನಿಮಗಿಂತ ಮುಂಚೆ ಇದ್ದೋರು ಒಂದು ದಿನ ಬಾಯಿ ಬಿಡ್ಲಿಲ್ಲ.”

(ಆ ಪುಣ್ಯಾತ್ಮರು ಊರಿನ ಎಲ್ಲ ಬಾಡಿಗೆ ಮನೆಗಳಲ್ಲೂ ಇದ್ದು ಹೋಗಿದ್ದಾರೆ.)

ಮುಂದಿನದು ಕಾಗದದ ಹಂತ. ದುರಸ್ತಿ ಯಾರ ಹೊಣೆಯೆಂದು ಮೊದಲು ಕರಾರುಪತ್ರದಲ್ಲಿ ನೋಡಬೇಕು. ನೋಟಿಸಿನಲ್ಲಿ ತಾರೀಖು, ದೋಷದ ವಿವರ, ಫೋಟೊ, ಗಡುವು ಇರಬೇಕು; ಬೈಗುಳ ಕೂಡದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ನಕಲು, ರಸೀದಿ ಎತ್ತಿಡಬೇಕು.

“ಒಂದೇ ಕಾಂಪೌಂಡಲ್ಲಿದ್ದು ಪೋಸ್ಟೇನ್ರೀ?”

“ಬಾಯಿಮಾತಿಗೆ ರಸೀದಿ ಕೊಡಲ್ಲ ಸಾರ್.”

ಮಾಲೀಕ ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸಿನ ನಂತರವೂ ಯುಕ್ತ ಅವಧಿಯೊಳಗೆ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣ. ಕರಾರಿನಲ್ಲಿ ಬೇರೆ ಷರತ್ತಿದ್ದರೆ ಅದೇ ಮೇಲು.

“ಬಾಡಿಗೇಲಿ ಮುರೀತೀರಾ? ನಾಳೆನೇ ಗಾರೆಯವನನ್ನ ಕಳಿಸ್ತೀನಿ ಇರಿ!”

ನೋಟಿಸೇ ಕೊಡದೆ ಬಾಡಿಗೆ ನಿಲ್ಲಿಸಿ ಕೂತವರಿಗೆ ಮಾತ್ರ ಈ ಪ್ರಕರಣ ಆಸರೆಯಾಗದು.